ಇಪ್ಪತ್ತು ಗ್ರಾಂ

ಭಾಷಾ ನಗರದಲ್ಲಿ ಬೆಳಗಾಗುವುದು ಭಟ್ಟಿಯ ಹೊಗೆಯಿಂದ.
ಕಾದ ಮರಳಲ್ಲಿ ಅಕ್ಕಿ ಒಮ್ಮೆ ಮೈಮುರಿದು
ಬೆಳ್ಳಗೆ ಅರಳಿ, ಚೀಲ ತುಂಬಿ,
ನಮ್ಮ ಶೆಡ್ಡಿಗೆ ಬರುವಷ್ಟರಲ್ಲಿ ಹತ್ತು ಗಂಟೆ.
ಬೆಳ್ಳುಳ್ಳಿ ಜಜ್ಜಿ, ಕರಿಬೇವು ಸಿಡಿಸಿ, ಪುಟಾಣಿ ಸುರಿದು
ಖೈರುನ್ನಕ್ಕ ಕಲಸುತ್ತಾಳೆ, ಮೊಣಕೈತನಕ ಹಳದಿ.
ನಾನು ತೂಗಿ, ತುಂಬಿ, ಬಾಯಿ ಸುಟ್ಟು ಮುಚ್ಚುವವಳು,
ಪಾಕೀಟಿನ ಬಾಯಿ.

ಪಾಕೀಟಿನ ಬೆನ್ನಿಗೊಂದು ಪುಟ್ಟ ಪಟ್ಟಿ.
ದಿನಕ್ಕೆ ಒಂಬೈನೂರು ಸಲ ಕೈಯಡಿ ದಾಟಿದರೂ
ಇರುವೆ ಸಾಲೆಂದೇ ನೋಡಿದ್ದೆ ಅದನ್ನ.

ಅವ್ವನಿಗೆ ತಲೆ ತಿರುಗಿ
ಸಿ.ಜಿ. ಆಸ್ಪತ್ರೆಯ ಸಾಲಿನಲ್ಲಿ ನಿಂತ ದಿನ
ತೋಳಿಗೆ ಬೇರೊಂದು ಪಟ್ಟಿ ಸುತ್ತಿ ಗಾಳಿ ಒತ್ತಿದ ನರ್ಸಮ್ಮ ಹೇಳಿದಳು:
"ಉಪ್ಪು ಕಮ್ಮಿ ಮಾಡ್ರಿ ಹೊನ್ನೂರಮ್ಮ. ಪಾಕೀಟು ತಗೊಂಡ್ರೆ
ಹಿಂದೆ ಬರೆದಿರ್ತಾರೆ, ಓದಿ ತಗೊಳ್ರಿ."
ಅವ್ವ ಹ್ಞೂಂ ಅಂದಳು, ಓದು ಬಲ್ಲವಳಂತೆ.
ಆಟೋದಲ್ಲಿ ಕೇಳಿದಳು: "ಹಿಂದೆ ಅಂದ್ರೆ ಎಲ್ಲಿ?"

ಆ ರಾತ್ರಿ ನಮ್ಮದೇ ಪಾಕೀಟು ತಂದು
ಬಲ್ಬಿನ ಕೆಳಗೆ ಹಿಡಿದೆ.
ಒಂಬತ್ತನೇ ಕ್ಲಾಸಿನ ಇಂಗ್ಲಿಷನ್ನ ಕೊಡವಿ ಎಬ್ಬಿಸಿ
ಉಪ್ಪು ಹುಡುಕಿದೆ. ಉಪ್ಪೆಂಬ ಹೆಸರೇ ಇಲ್ಲ.
ಸಾಲ ಮಾಡಿ ಊರು ಬಿಟ್ಟವರ ಹಾಗೆ
ಹೆಸರು ಬದಲಿಸಿಕೊಂಡು ಕೂತಿತ್ತು, ಸೋಡಿಯಂ ಅಂತ,
ಕೊನೆಯ ಸಾಲಿನಲ್ಲಿ, ಗೋಡೆಗೆ ಮುಖ ಮಾಡಿ.
ಒಬ್ಬರ ಪಾಲು ಇಪ್ಪತ್ತು ಗ್ರಾಂ, ಅದಕ್ಕೆ ಇಷ್ಟು.

ತಕ್ಕಡಿಯಿಲ್ಲದ ಮನೆಯಲ್ಲಿ ಇಪ್ಪತ್ತು ಗ್ರಾಂ ಎಂದರೆ
ಅವ್ವನ ಒಂದು ಬೊಗಸೆ,
ಅದೂ ಬೆರಳ ಸಂದಿಯಿಂದ ಸೋರಿದ್ದು ಬಿಟ್ಟು.
"ಬೊಗಸೆ ಮಂಡಕ್ಕಿ ಯಾರ್ ತಿಂತಾರೆ?
ಗುಬ್ಬಿ ಲೆಕ್ಕ ಬರ್ದಾನೆ ಇವ್ನು," ನಕ್ಕಳು ಅವ್ವ,
"ನಮ್ಮೂರಾಗೆ ಸೇರಿಗಿಂತ ಕಮ್ಮಿ ಕೇಳಿದ್ರೆ
ಮೈ ಸರಿ ಇಲ್ವಾ ಅಂತ ಕೇಳ್ತಾರೆ."
ಮೈ ಸರಿ ಇಲ್ಲದ್ದು ನೆನಪಾಗಿ
ಇಬ್ಬರೂ ಸುಮ್ಮನಾದೆವು.

ಮಾರನೆಯ ದಿನ ಗೌಸ್ ಸಾಬರನ್ನ ಕೇಳಿದೆ,
ಈ ಅಂಕಿ ಯಾರು ಎಣಿಸಿದ್ದು?
ಅವರು ಕನ್ನಡಕ ಏರಿಸಿ, ಇಳಿಸಿ,
"ಲ್ಯಾಬಿಗೆ ಕಳಿಸಿದ್ವಲ್ಲ, ನಾಲ್ಕು ವರ್ಷ ಆತು.
ದುಡ್ಡು ಕಟ್ಟಿ ಬರೆಸಿದ್ದು ಕಣಮ್ಮ, ಸುಳ್ಳಲ್ಲ."

ಸುಳ್ಳಲ್ಲ. ನಾಲ್ಕು ವರ್ಷದ ಹಿಂದೆ ಕಲಸುತ್ತಿದ್ದವಳು ಜೈತುನ್‌ಬಿ.
ಸಣ್ಣ ಬೆರಳು, ಚಿಕ್ಕ ಹಿಡಿ.
ಮದುವೆಯಾಗಿ ಹರಿಹರಕ್ಕೆ ಹೋದಳು.
ಪಟ್ಟಿಯಲ್ಲಿ ಅಚ್ಚಾಗಿರುವುದು ಆ ಹಿಡಿ.
ಹೋದವಳ ಕೈ ಇನ್ನೂ ಉಪ್ಪು ಹಾಕುತ್ತಿದೆ,
ದಿನಕ್ಕೆ ಒಂಬೈನೂರು ಪಾಕೀಟಿಗೆ.

ಮೊನ್ನೆ ಜಯದೇವ ಸರ್ಕಲ್ಲಿನ ಅಂಗಡಿಯಲ್ಲಿ
ಕಾಲೇಜು ಹುಡುಗಿಯೊಬ್ಬಳು ಎರಡು ಪಾಕೀಟು ತಿರುವಿ
ತುಟಿ ಅಲುಗಿಸುತ್ತ ಓದುತ್ತಿದ್ದಳು,
ಪರೀಕ್ಷೆಯ ಹಾಲಿನಲ್ಲಿ ಕೂತವಳಂತೆ.
ಕಂಪನಿಯದರಲ್ಲಿ ಅಂಕಿ ದೊಡ್ಡದು,
ನಮ್ಮದರಲ್ಲಿ ಸಣ್ಣದು. ನಮ್ಮದನ್ನೇ ಆರಿಸಿದಳು.
ಅವರದು ನೂರು ಗ್ರಾಮಿನ ಲೆಕ್ಕ ತಂಗಿ, ನಮ್ಮದು ಇಪ್ಪತ್ತರದು,
ಹೇಳಬೇಕೆನಿಸಿ ಬಾಯಿ ತೆರೆದೆ.
ಬಾಯಿ ಮುಚ್ಚುವುದಕ್ಕೇ ನನಗೆ ಸಂಬಳ.
ಹದಿನೈದು ರೂಪಾಯಿ ಇಟ್ಟು ಹೊರಟುಹೋದಳು,
ಗೆದ್ದವಳ ನಡಿಗೆಯಲ್ಲಿ.

ಅವ್ವ ಮಾತ್ರ ಪಾಕೀಟು ತಿರುವುವುದಿಲ್ಲ.
ಎರಡು ಕಾಳು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ,
"ಇವತ್ತು ಖೈರುನ್ ಬಂದಿಲ್ಲೇನು?" ಅನ್ನುತ್ತಾಳೆ.
ಬಂದಿಲ್ಲ. ಕಲಸಿದ್ದು ಗೌಸ್ ಸಾಬರ ಮಗ,
ಉಪ್ಪನ್ನು ಸಿಮೆಂಟಿನಂತೆ ಎರಚುವವನು.

ಪಾಕೀಟನ್ನು ನನ್ನ ಕಡೆ ಸರಿಸುತ್ತಾಳೆ.
ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡುತ್ತಾಳೆ.
ಆಮೇಲೆ ಕೈ ಚಾಚಿ,
"ಇಪ್ಪತ್ತೇ ಗ್ರಾಂ," ಅನ್ನುತ್ತಾಳೆ,
ಬೆರಳ ಸಂದಿಯಿಂದ ಒಂದು ಕಾಳೂ ಸೋರದಂತೆ
ಬೊಗಸೆ ಬಿಗಿಹಿಡಿದು.